ಮೈನ್ ಸ್ವಿಚ್ಚಿನ ಮೈಮೇಲಿನ ಬರಹ

ವಿದ್ಯಾರ್ಥಿಗಳೇ, ಪ್ರವಾಹ ಅತಿಯಾದರೆ ಫ್ಯೂಸ್ ತಂತಿ ಕರಗಿ ವಿದ್ಯುನ್ಮಂಡಲ ಕಡಿದುಹೋಗುತ್ತದೆ ಎಂದು ನೀವೆಲ್ಲ ಪಾಠದಲ್ಲಿ ಓದಿದ್ದೀರಿ. ಪರೀಕ್ಷೆಯಲ್ಲಿ ಅಷ್ಟು ಬರೆದರೆ ಎರಡು ಮಾರ್ಕು ಬಂದೇ ಬರುತ್ತೆ. ಆದರೆ ‘ಅತಿಯಾದರೆ’ ಅಂದರೆ ಎಷ್ಟಾದರೆ? ನಿಮ್ಮ ಮನೆಯಲ್ಲಿ ಅದು 15 ಆಂಪಿಯರೋ, 30 ಆಂಪಿಯರೋ? ಇದಕ್ಕೆ ಅರ್ಧ ಉತ್ತರ ನಿಮ್ಮ ಜಗಲಿಯ ಗೋಡೆ ಮೇಲೆ, ಮೀಟರಿನ ಪಕ್ಕದಲ್ಲಿರುವ ಮೈನ್ ಸ್ವಿಚ್ಚಿನ ಮೇಲೇ ಬರೆದಿದೆ. ಉಳಿದ ಅರ್ಧ ಅಲ್ಲಿ ಬರೆದಿಲ್ಲ. ಈ ಪಾಠದಲ್ಲಿ ಮೊದಲು ಬರೆದಿರುವುದನ್ನು ಓದೋಣ. ಆಮೇಲೆ ಬರೆಯದೆ ಬಿಟ್ಟಿರುವುದನ್ನು ಲೆಕ್ಕ ಹಾಕೋಣ. ಅಪಾಯ ಇರುವುದು ಆ ಎರಡನೆಯದರಲ್ಲೇ.

ಶುರು ಮಾಡುವ ಮೊದಲು ಒಂದು ಮಾತು. ಇದು ಕಣ್ಣಿನಲ್ಲಿ ಮಾಡುವ ಪಾಠ, ಕೈಯಲ್ಲಿ ಮಾಡುವ ಪಾಠ ಅಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆಯಬಾರದು, ಫ್ಯೂಸ್ ಎಳೆಯಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬಾರದು. ಹಿಡಿ ಕೆಳಗಿಳಿಸಿ ಆಫ್ ಮಾಡಿದರೂ ಇ.ಬಿ. ಕಡೆಯಿಂದ ಬರುವ ತಂತಿ ಸಿಕ್ಕಿಸಿದ ತಿರುಪುಗಳಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಸ್ವಿಚ್ ಕಡಿಯುವುದು ತನ್ನಿಂದ ಮುಂದಿನದನ್ನು ಮಾತ್ರ, ತನಗಿಂತ ಹಿಂದಿನದನ್ನಲ್ಲ. ಅಕ್ಷರ ಮಸುಕಾಗಿದ್ದರೆ ಪಕ್ಕದಿಂದ ಓರೆಯಾಗಿ ಟಾರ್ಚ್ ಬೆಳಕು ಬಿಟ್ಟು ಫೋನಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿ. ಉಬ್ಬಿದ ಅಕ್ಷರದ ನೆರಳು ಬಿದ್ದು ಚೆನ್ನಾಗಿ ಕಾಣುತ್ತೆ.

ಒಂದೇ ಬೀದಿ, ನಾಲ್ಕು ಕಾಲದ ಪೆಟ್ಟಿಗೆಗಳು

ನಮ್ಮ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಈ ಪಾಠಕ್ಕೆ ಸಾಮಗ್ರಿ ಬೇಕಾದಷ್ಟಿದೆ. 1932ರಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ ಕೇಂದ್ರ ಶುರುವಾದ ಮೇಲೆ ಕೊಯಮತ್ತೂರಿನ ಸುತ್ತ ನೂಲಿನ ಗಿರಣಿಗಳು ಒಂದರ ಹಿಂದೆ ಒಂದು ಎದ್ದವು. ಮನೆಗಳಿಗೆ ಕರೆಂಟು ಬಂದದ್ದು ನಿಧಾನವಾಗಿ. 1957ರಲ್ಲಿ ರಾಜ್ಯದ ವಿದ್ಯುತ್ ಮಂಡಳಿ ಸ್ಥಾಪನೆಯಾಯಿತು. ಆಮೇಲೆ ಹೆಸರು ಎಷ್ಟು ಸಲ ಬದಲಾದರೂ ನಮ್ಮ ಬಾಯಲ್ಲಿ ಅದು ಇವತ್ತಿಗೂ ‘ಇ.ಬಿ.’ಯೇ.

ಹಾಗಾಗಿ ಸಿರುಮುಗೈಯಲ್ಲೋ ನೆಗಮಂನಲ್ಲೋ ಮಗ್ಗ ಇರುವ ಒಂದು ಹಳೇ ಬೀದಿಯಲ್ಲಿ ನಡೆದು ಹೋದರೆ ನಾಲ್ಕು ಕಾಲದ ಸಾಮಾನು ಸಿಗುತ್ತದೆ. ಒಂದು ಮನೆಯಲ್ಲಿ ಮರದ ಹಲಗೆಯ ಮೇಲೆ ಬಿಳೀ ಪಿಂಗಾಣಿ ಫ್ಯೂಸುಗಳು. ಪಕ್ಕದ ಮನೆಯಲ್ಲಿ ಬಲಗಡೆ ಹಿಡಿ ಇರುವ ಎರಕದ ಕಬ್ಬಿಣದ ಪೆಟ್ಟಿಗೆ. ಅದರಾಚೆ ಕಪ್ಪು ಬೇಕಲೈಟಿನ ಮೈನ್ ಸ್ವಿಚ್. ಮೊನ್ನೆ ಕಟ್ಟಿದ ಮನೆಯಲ್ಲಿ ಎಂ.ಸಿ.ಬಿ.ಗಳ ಸಾಲು. ಮೊದಲ ಮೂರೂ ಇನ್ನೂ ಕೆಲಸ ಮಾಡುತ್ತಿವೆ. ಹೊಸ ಮಿಕ್ಸಿ, ಗೀಸರ್ ಎಲ್ಲ ಅದರ ಮೂಲಕವೇ ಓಡುತ್ತಿವೆ.

ಬರಹ ಓದುವ ಕ್ರಮ

ಕಬ್ಬಿಣದ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಐ.ಸಿ.ಡಿ.ಪಿ. ಅಥವಾ ಐ.ಸಿ.ಟಿ.ಪಿ.ಎನ್. ಎಂಬ ಅಕ್ಷರಗಳಿರುತ್ತವೆ. ‘ಐ.ಸಿ.’ ಅಂದರೆ ಐರನ್ ಕ್ಲ್ಯಾಡ್, ಕಬ್ಬಿಣದ ಹೊದಿಕೆ ಇರುವುದು. ‘ಡಿ.ಪಿ.’ ಅಂದರೆ ಡಬಲ್ ಪೋಲ್: ಒಂದೇ ಹಿಡಿಗೆ ಫೇಸ್ ಮತ್ತು ನ್ಯೂಟ್ರಲ್, ನಿಮ್ಮ ಪಾಠದ ಸಜೀವ ತಂತಿ ಮತ್ತು ತಟಸ್ಥ ತಂತಿ, ಎರಡೂ ಒಟ್ಟಿಗೆ ಕಡಿಯುತ್ತವೆ. ‘ಟಿ.ಪಿ.ಎನ್.’ ಅಂದರೆ ಮೂರು ಫೇಸ್, ಜೊತೆಗೆ ನ್ಯೂಟ್ರಲ್. ಪವರ್‌ಲೂಮ್ ಶೆಡ್ಡಿನಲ್ಲಿ, ತೋಟದ ಮೋಟಾರ್ ಮನೆಯಲ್ಲಿ ನೀವು ನೋಡಿರುವುದು ಇದನ್ನೇ.

ಅದರ ಕೆಳಗೆ ವೋಲ್ಟ್. ಡಬಲ್ ಪೋಲ್ ಪೆಟ್ಟಿಗೆಯಲ್ಲಿ 250, ಟ್ರಿಪಲ್ ಪೋಲ್ ಪೆಟ್ಟಿಗೆಯಲ್ಲಿ 415 ಅಥವಾ 500 ಎಂದಿರಬಹುದು. ‘ಸಾರ್, ನಮ್ಮ ಮನೆಗೆ 230 ತಾನೇ ಬರೋದು, ಇದು ತಪ್ಪಲ್ವಾ?’ ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಾರೆ. ತಪ್ಪಲ್ಲ. ಅದು ಬರುವ ವೋಲ್ಟ್ ಅಲ್ಲ, ತಡೆಯಬಲ್ಲ ಗರಿಷ್ಠ ವೋಲ್ಟ್. ಬಾವಿಯ ಹಗ್ಗದ ಮೇಲೆ 100 ಕಿಲೋ ಎಂದು ಬರೆದಿದ್ದರೆ ಕೊಡದ ತೂಕ 100 ಕಿಲೋ ಎಂದು ಅರ್ಥ ಅಲ್ಲವಲ್ಲ, ಹಾಗೆ.

ಬಹಳ ಹಳೆಯ ಪೆಟ್ಟಿಗೆಯಲ್ಲಿ ಎ.ಸಿ.ಗೆ ಒಂದು ಅಂಕಿ, ಡಿ.ಸಿ.ಗೆ ಅದಕ್ಕಿಂತ ಕಡಿಮೆ ಅಂಕಿ ಇರುವುದುಂಟು. ಇದರ ಕಾರಣ ಸೊಗಸಾಗಿದೆ. ಸ್ವಿಚ್ ತೆರೆಯುವಾಗ ಎರಡು ಲೋಹದ ತುದಿಗಳ ನಡುವೆ ಕಿಡಿ ಹತ್ತಿ ಗಾಳಿಯಲ್ಲೇ ಪ್ರವಾಹ ಹರಿಯುತ್ತದೆ. ನಮ್ಮ 50 ಹರ್ಟ್ಸ್ ಎ.ಸಿ. ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ. ಪ್ರತಿ ಸಲವೂ ಕಿಡಿ ಆರಲು ಅವಕಾಶ ಸಿಗುತ್ತದೆ. ಡಿ.ಸಿ. ಸೊನ್ನೆಗೆ ಇಳಿಯುವುದೇ ಇಲ್ಲ, ಕಿಡಿಯನ್ನು ಎಳೆದೆಳೆದು ಉದ್ದ ಮಾಡಿಯೇ ಆರಿಸಬೇಕು. ಛಾವಣಿಯ ಮೇಲೆ ಸೌರ ಫಲಕ ಹಾಕಿಸುವವರು ಎ.ಸಿ. ಸ್ವಿಚ್ಚನ್ನು ಡಿ.ಸಿ. ಕಡೆಗೆ ಹಾಕಬಾರದು ಎನ್ನುವುದು ಇದಕ್ಕೇ.

ಇನ್ನು ಮಾನಕದ ಗುರುತು. ಬಿ.ಎಸ್. ಎಂದಿದ್ದರೆ ಬ್ರಿಟಿಷ್ ಮಾನಕ. ಬಿ.ಎಸ್. 3036 ಎಂಬುದು ತಂತಿ ಬದಲಾಯಿಸಿ ಕಟ್ಟುವ ಪಿಂಗಾಣಿ ಫ್ಯೂಸಿನದು, ಬಿ.ಎಸ್. 88 ಎಂಬುದು ಕೊಳವೆಯಂಥ ಎಚ್.ಆರ್.ಸಿ. ಫ್ಯೂಸಿನದು. ಐ.ಎಸ್. ಎಂದಿದ್ದರೆ ನಮ್ಮದು. ಪಿಂಗಾಣಿ ಫ್ಯೂಸಿಗೆ, ಅಂಗಡಿಯವರು ‘ಕಿಟ್‌ಕ್ಯಾಟ್’ ಅನ್ನುವುದಕ್ಕೆ, ಐ.ಎಸ್. 2086. ಹಿಡಿ ಇರುವ ಪೆಟ್ಟಿಗೆಗೆ ಐ.ಎಸ್. 4064. ಅದರ ಜಾಗಕ್ಕೆ 1993ರಲ್ಲಿ ಐ.ಎಸ್. 13947 ಬಂತು, ಈಗ ಅಂತರರಾಷ್ಟ್ರೀಯ ಮಾನಕಕ್ಕೆ ಹೊಂದಿಸಿದ 60947 ಇದೆ. ಪೆಟ್ಟಿಗೆಗೆ ಒಂದು ಮಾನಕ, ಒಳಗಿನ ಫ್ಯೂಸಿಗೆ ಇನ್ನೊಂದು ಎಂಬುದನ್ನು ಗಮನಿಸಿ. ಹೊರಗೆ ಒಂದು ಗುರುತು ಇದೆ ಎಂದು ಒಳಗಿನದೂ ಸರಿ ಇದೆ ಅಂತ ಹೇಳಲಾಗದು.

ಐ.ಎಸ್.ಐ. ಮುದ್ರೆ ಇದ್ದರೆ, ಮುದ್ರೆಯ ನೆತ್ತಿಯ ಮೇಲೆ ಮಾನಕದ ಸಂಖ್ಯೆ, ಕೆಳಗೆ ಸಿ.ಎಂ./ಎಲ್. ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಭಾರತೀಯ ಮಾನಕ ಸಂಸ್ಥೆ 1947ರಲ್ಲಿ ಹುಟ್ಟಿತು, ಮುದ್ರೆಯ ಕಾಯಿದೆ 1952ರದು. 1987ರಿಂದ ಸಂಸ್ಥೆಯ ಹೆಸರು ಬಿ.ಐ.ಎಸ್. ಆದರೂ ಮುದ್ರೆ ಹಳೆಯದೇ. ಹಾಗಾಗಿ ಮುದ್ರೆ ಒಂದನ್ನೇ ನೋಡಿ ಕಾಲ ಹೇಳಲು ಬರುವುದಿಲ್ಲ. ಸಂಖ್ಯೆಯ ಪಕ್ಕದ ಇಸವಿ ನೋಡಬೇಕು. ಅಲ್ಲೂ ಒಂದು ಎಚ್ಚರ: ಐ.ಎಸ್. 2086ರ ಪಕ್ಕ 1963 ಎಂದಿದ್ದರೆ ಅದು ಮಾನಕ ಪ್ರಕಟವಾದ ವರ್ಷ, ಫ್ಯೂಸ್ ತಯಾರಾದ ವರ್ಷ ಅಲ್ಲ. ಆ ಫ್ಯೂಸ್ 1963ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ ಎಂದಷ್ಟೇ ತಿಳಿಯುತ್ತದೆ.

15 ಹೋಗಿ 16 ಬಂದದ್ದು

ಆಂಪಿಯರಿನ ಅಂಕಿಯೂ ಕಾಲದ ಸುಳಿವು ಕೊಡುತ್ತದೆ. ಹಳೆಯವು 15, 30, 60, 100. ಹೊಸವು 16, 32, 63, 100. ಇದೇನು ಒಂದೆರಡು ಆಂಪಿಯರ್ ಜಾಸ್ತಿ ಮಾಡಿ ಏನು ಲಾಭ ಅನ್ನಿಸಬಹುದು. 1870ರ ದಶಕದಲ್ಲಿ ಫ್ರಾನ್ಸಿನ ಸೈನ್ಯದಲ್ಲಿ ಚಾರ್ಲ್ಸ್ ರೆನಾರ್ ಎಂಬ ಎಂಜಿನಿಯರ್ ಬಲೂನುಗಳ ಹಗ್ಗದ ಲೆಕ್ಕ ನೋಡುತ್ತಿದ್ದ. 425 ಬಗೆಯ ಹಗ್ಗ ಇತ್ತಂತೆ. ಒಂದರಿಂದ ಇನ್ನೊಂದಕ್ಕೆ ಒಂದೇ ಪ್ರಮಾಣದಲ್ಲಿ ಏರುವಂತೆ ಅಳತೆ ಆರಿಸಿಕೊಂಡು ಅದನ್ನು 17ಕ್ಕೆ ಇಳಿಸಿದ. ಅದೇ ಉಪಾಯದಲ್ಲಿ 10ರಿಂದ 100ಕ್ಕೆ ಹತ್ತು ಸಮ ಹೆಜ್ಜೆಯಲ್ಲಿ ಹೋಗಬೇಕಾದರೆ ಪ್ರತಿ ಸಲ ಸುಮಾರು 1.26ರಿಂದ ಗುಣಿಸಬೇಕು. 10, 12.5, 16, 20, 25, 31.5, 40, 50, 63, 80, 100. ಕ್ಯಾಲ್ಕುಲೇಟರಿನಲ್ಲಿ ನೀವೇ ಗುಣಿಸಿ ನೋಡಿ. ಇದು ನಿಮ್ಮ ಗಣಿತದ ಗುಣೋತ್ತರ ಶ್ರೇಢಿ, ಗೋಡೆ ಮೇಲೆ ನೇತುಹಾಕಿದ್ದು. ಪ್ಲಗ್ಗಿನಲ್ಲೂ 5 ಮತ್ತು 15 ಹೋಗಿ 6 ಮತ್ತು 16 ಬಂದಿದೆ. ಅಂಗಡಿಯಲ್ಲಿ ಮಾತ್ರ ನಾವು ಇನ್ನೂ ‘15 ಆಂಪ್ ಪ್ಲಗ್ ಕೊಡಿ’ ಅಂತಲೇ ಕೇಳುವುದು.

ಬರೆಯದೆ ಬಿಟ್ಟಿದ್ದು

ಈಗ ಮುಖ್ಯ ವಿಷಯ. ಪೆಟ್ಟಿಗೆಯ ಮೇಲೆ 30 ಆಂಪಿಯರ್ ಎಂದಿದೆ. ಅದರ ಅರ್ಥವೇನು? ಆ ಸ್ವಿಚ್ಚಿನ ಲೋಹದ ಭಾಗಗಳು 30 ಆಂಪಿಯರನ್ನು ಬಿಸಿ ಮಿತಿಮೀರದೆ ಹೊತ್ತೊಯ್ಯಬಲ್ಲವು, ಅಷ್ಟೇ. ಒಳಗೆ ಕಟ್ಟಿರುವ ಫ್ಯೂಸ್ ತಂತಿ 30ಕ್ಕೆ ಕರಗುತ್ತದೆ ಎಂದು ಅದರ ಅರ್ಥವಲ್ಲ. ಗೋಡೆಯೊಳಗಿನ ವಯರು 30 ತಡೆಯುತ್ತದೆ ಎಂದೂ ಅಲ್ಲ. ಪೆಟ್ಟಿಗೆ, ಫ್ಯೂಸ್ ತಂತಿ, ವಯರು ಈ ಮೂರೂ ಬೇರೆ ಬೇರೆ. ಮೂರರಲ್ಲಿ ಮೊದಲು ಸೋಲಬೇಕಾದದ್ದು ಫ್ಯೂಸ್ ತಂತಿ. ಅದು ಸೋಲದಿದ್ದರೆ ವಯರು ಸೋಲುತ್ತದೆ, ವಯರು ಸೋಲುವುದೆಂದರೆ ಬೆಂಕಿ.

ಫ್ಯೂಸ್ ತಂತಿ ಎಷ್ಟಕ್ಕೆ ಕರಗುತ್ತದೆ? 1880ರ ದಶಕದಲ್ಲಿ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ವಿಲಿಯಂ ಪ್ರೀಸ್ ಇದನ್ನು ಪ್ರಯೋಗ ಮಾಡಿ ನೋಡಿದ. ತಾಮ್ರದ ತಂತಿಗೆ ಅವನ ಸೂತ್ರ, ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡರೆ, ಸುಮಾರಾಗಿ ಹೀಗಿದೆ:

ಕರಗಿಸುವ ಪ್ರವಾಹ = 80 × ವ್ಯಾಸ × √ವ್ಯಾಸ

15 ಆಂಪಿಯರಿಗೆಂದು ಹಾಕುವ ಕಲಾಯಿ ತಾಮ್ರದ ತಂತಿಯ ವ್ಯಾಸ 0.5 ಮಿ.ಮೀ. ಸೂತ್ರದಲ್ಲಿ ಇಟ್ಟು ನೋಡಿ: 80 × 0.5 × 0.707, ಅಂದರೆ 28 ಆಂಪಿಯರ್! 30 ಆಂಪಿಯರಿನ ತಂತಿ 0.85 ಮಿ.ಮೀ.; ಅದು ಕರಗುವುದು ಸುಮಾರು 63ಕ್ಕೆ. ಪಿಂಗಾಣಿಯೊಳಗೆ ಗಾಳಿಯಾಡುವುದು ಕಡಿಮೆ, ಆದ್ದರಿಂದ ಅಂಕಿ ಸ್ವಲ್ಪ ಆಚೀಚೆ ಆಗುತ್ತೆ. ಆದರೂ ಒಟ್ಟು ಚಿತ್ರ ಬದಲಾಗದು. ತಂತಿ ಕಟ್ಟುವ ಫ್ಯೂಸ್ ತನ್ನ ಅಂಕಿಯ ಸುಮಾರು ಎರಡು ಪಟ್ಟಿನವರೆಗೆ ಸುಮ್ಮನೆ ಇರುತ್ತದೆ.

ಇದನ್ನು ಒಂದು ಮನೆಗೆ ಹಾಕಿ ನೋಡೋಣ. ಐ.ಸಿ.ಡಿ.ಪಿ., 15 ಆಂಪಿಯರ್, 250 ವೋಲ್ಟ್ ಎಂದು ಬರೆದ ಹಳೇ ಪೆಟ್ಟಿಗೆ. ಅದನ್ನು ಹಾಕಿದ ಕಾಲದಲ್ಲಿ ಮನೆಯಲ್ಲಿ 60 ವಾಟಿನ ಐದು ಬಲ್ಬು, ಒಂದು ಫ್ಯಾನು, ಒಂದು ರೇಡಿಯೋ. ಒಟ್ಟು 400 ವಾಟ್ ಎನ್ನಿ, ಎರಡು ಆಂಪಿಯರಿಗೂ ಕಡಿಮೆ. ಈಗ ಬೆಳಿಗ್ಗೆ ಆರೂವರೆಗೆ ಅದೇ ಪೆಟ್ಟಿಗೆಯ ಮೂಲಕ 2000 ವಾಟಿನ ಗೀಸರ್, 2000 ವಾಟಿನ ಇಂಡಕ್ಷನ್ ಒಲೆ, ನಿಮ್ಮ ಯೂನಿಫಾರಮ್ಮಿಗೆ 1000 ವಾಟಿನ ಇಸ್ತ್ರಿಪೆಟ್ಟಿಗೆ. 5000 ÷ 230 ಅಂದರೆ 21.7 ಆಂಪಿಯರ್.

ಫ್ಯೂಸ್ ಹೋಗುತ್ತದಾ? ಇಲ್ಲ. ಅದು 28ರವರೆಗೆ ಕಾಯುತ್ತದೆ. ‘ಫ್ಯೂಸ್ ಹೋಗಿಲ್ಲ, ಹಾಗಾದರೆ ಎಲ್ಲ ಸರಿ ಇದೆ’ ಎಂದು ಮನೆಯವರು ತಿಳಿಯುತ್ತಾರೆ. ಆದರೆ ಜೂಲ್ ನಿಯಮದಂತೆ ಶಾಖ ಪ್ರವಾಹದ ವರ್ಗಕ್ಕೆ ಅನುಗುಣ. 21.7 ಅನ್ನು 15ರಿಂದ ಭಾಗಿಸಿ ವರ್ಗ ಮಾಡಿದರೆ 2.09. ವಯರು 15 ಆಂಪಿಯರಿನದ್ದಾದರೆ, ಅದರಲ್ಲಿ ಹುಟ್ಟುವ ಶಾಖ ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ. ದಿನಾ ಬೆಳಿಗ್ಗೆ ಅರ್ಧ ಗಂಟೆ ಹೀಗೆ ಬೇಯುತ್ತ ಬೇಯುತ್ತ ಹೊದಿಕೆ ಗಟ್ಟಿಯಾಗಿ, ಬಿರುಕು ಬಿಟ್ಟು ಉದುರುತ್ತದೆ. ಹಳೇ ರಬ್ಬರ್ ಹೊದಿಕೆಯ ವಯರಾದರೆ ಇನ್ನೂ ಬೇಗ. ಇದು ಗೋಡೆಯೊಳಗೆ, ಅಟ್ಟದ ಮೇಲೆ ನಡೆಯುವ ಕೆಲಸ, ಯಾರ ಕಣ್ಣಿಗೂ ಬೀಳದು.

ಈ ಕಾರಣಕ್ಕೇ ಬ್ರಿಟಿಷ್ ವೈರಿಂಗ್ ನಿಯಮದಲ್ಲಿ ತಂತಿ ಕಟ್ಟುವ ಫ್ಯೂಸಿಗೆ 0.725 ಎಂಬ ಗುಣಕ ಇದೆ. 15 ಅನ್ನು ಅದರಿಂದ ಭಾಗಿಸಿದರೆ ಸುಮಾರು 21. ಅಂದರೆ 15 ಆಂಪಿಯರಿನ ತಂತಿ ಫ್ಯೂಸ್ ಕಾಯಬೇಕಾದ ವಯರು 21 ಆಂಪಿಯರ್ ತಡೆಯುವಂತಿರಬೇಕು. ಎಂ.ಸಿ.ಬಿ. ಇಷ್ಟು ಉದಾರಿ ಅಲ್ಲ. 16 ಆಂಪಿಯರಿನ ಎಂ.ಸಿ.ಬಿ. 1.45 ಪಟ್ಟು, ಅಂದರೆ 23.2 ಆಂಪಿಯರ್ ಹರಿದರೆ ಒಂದು ಗಂಟೆಯೊಳಗೆ ಬಿದ್ದೇ ಬೀಳಬೇಕು. ಆದರೆ ‘ಎಂ.ಸಿ.ಬಿ. ಪದೇಪದೇ ಬೀಳುತ್ತೆ’ ಎಂದು ಹಳೇ ವಯರಿಗೆ 32ರದ್ದನ್ನು ತಂದು ಹಾಕಿದರೆ ಹಳೆಯ ಫ್ಯೂಸಿಗಿಂತ ಕೆಟ್ಟದ್ದಾಗುತ್ತದೆ. ಹೊಸ ಪೆಟ್ಟಿಗೆ ನೋಡಲು ಚೆಂದ, ವಯರು ಮಾತ್ರ ಅದೇ.

ಮಗ್ಗದ ಮನೆಗಳಲ್ಲಿ ಇನ್ನೊಂದು ಕಥೆ. ಒಂದು ಅಶ್ವಶಕ್ತಿಯ ಮೋಟಾರು ಓಡುವಾಗ ಆರೇಳು ಆಂಪಿಯರ್ ತೆಗೆದುಕೊಂಡರೂ ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಫ್ಯೂಸ್ ಹೋಗುತ್ತೆ. ಎರಡು ಸಲ ಹೋದ ಮೇಲೆ ಯಾರೋ ವಯರಿನ ತುಂಡು ಸುಲಿದು ತಾಮ್ರದ ಎಳೆಯನ್ನೇ ಕಟ್ಟುತ್ತಾರೆ. ಅದು 1.5 ಚದರ ಮಿ.ಮೀ. ಒಂಟಿ ಎಳೆಯಾದರೆ ವ್ಯಾಸ 1.38 ಮಿ.ಮೀ. ಪ್ರೀಸ್ ಸೂತ್ರದಲ್ಲಿ 130 ಆಂಪಿಯರ್! ಈಗ ಅಲ್ಲಿ ಫ್ಯೂಸ್ ಇದೆಯೆಂದು ಹೇಳುವಂತೆಯೇ ಇಲ್ಲ. ಮೋಟಾರಿಗೆ ಬೇಕಾದದ್ದು ದಪ್ಪ ತಂತಿಯಲ್ಲ, ತನ್ನದೇ ಬೇರೆ ವಯರು, ಸ್ಟಾರ್ಟರು, ಅದಕ್ಕೆ ತಕ್ಕ ರಕ್ಷಣೆ.

ವಯರ್‌ಮ್ಯಾನನ್ನು ಕೇಳಬೇಕಾದ ಮಾತುಗಳು

ಹೊರಗಿನಿಂದ ಕಾಣದ ಕೆಲವು ಸಂಗತಿಗಳಿವೆ. ಇವನ್ನು ಲೈಸೆನ್ಸ್ ಇರುವ ವಯರ್‌ಮ್ಯಾನ್ ಬಂದಾಗ ಅಪ್ಪನೋ ಅಮ್ಮನೋ ಕೇಳಲಿ, ನೀವು ಪಕ್ಕದಲ್ಲಿ ನಿಂತು ಬರೆದುಕೊಳ್ಳಿ.

ಒಂದು, ನ್ಯೂಟ್ರಲ್ಲಿನಲ್ಲೂ ಫ್ಯೂಸ್ ಇದೆಯಾ ಎಂಬುದು. ಹಳೇ ಡಬಲ್ ಪೋಲ್ ಪೆಟ್ಟಿಗೆಗಳಲ್ಲಿ ಎರಡೂ ತಂತಿಗೆ ಫ್ಯೂಸ್ ಇಡುತ್ತಿದ್ದರು. ನ್ಯೂಟ್ರಲ್ಲಿನ ಫ್ಯೂಸ್ ಮಾತ್ರ ಹೋದರೆ ದೀಪ ಆರುತ್ತದೆ, ಫ್ಯಾನು ನಿಲ್ಲುತ್ತದೆ, ಕರೆಂಟು ಹೋಯ್ತು ಅಂತ ನಾವು ತಿಳಿಯುತ್ತೇವೆ. ಫೇಸ್ ಮಾತ್ರ ಬಲ್ಬಿನ ಹೋಲ್ಡರಿನವರೆಗೂ ಬಂದು ನಿಂತೇ ಇರುತ್ತದೆ. ಆ ಹೊತ್ತಿನಲ್ಲಿ ಹೋಲ್ಡರಿಗೆ ಕೈ ಹಾಕಿದವರ ಗತಿ ಯೋಚಿಸಿ. ಭಾರತೀಯ ವಿದ್ಯುತ್ ನಿಯಮಗಳು, 1956ರ 32ನೇ ನಿಯಮ ಭೂಸಂಪರ್ಕದ ನ್ಯೂಟ್ರಲ್ಲಿನಲ್ಲಿ ಫ್ಯೂಸ್ ಇಡಬಾರದು ಎಂದೇ ಹೇಳಿತು. ಅಲ್ಲಿ ಗಟ್ಟಿ ತಾಮ್ರದ ಪಟ್ಟಿ ಇರಬೇಕು.

ಇನ್ನೊಂದು, ಹಳೇ ಪಿಂಗಾಣಿ ಫ್ಯೂಸಿನೊಳಗೆ ಬೂದು ಬಣ್ಣದ ನಾರಿನ ಪಟ್ಟಿಯೋ ಕೊಳವೆಯೋ ಇದೆಯಾ ಎಂಬುದು. ಕಿಡಿ ತಡೆಯಲೆಂದು ಇಡುತ್ತಿದ್ದ ಅದು ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಕೆಡುಕು. ಕೆರೆಯಬಾರದು, ಊದಬಾರದು. ಹಳೇ ಸಾಮಾನು ಸಂಗ್ರಹಿಸುವ ಆಸೆ ಇರುವವರು ಇದನ್ನು ನೆನಪಿಡಿ.

ಮತ್ತೆ, ಸ್ವಿಚ್ಚಿನ ವಯಸ್ಸು. 40 ವರ್ಷದ ಹಿಂದೆ 30 ಆಂಪಿಯರ್ ಎಂದು ಅಚ್ಚು ಹಾಕಿದ್ದು ಇವತ್ತಿಗೂ 30 ಆಗಿರಬೇಕಿಲ್ಲ. ಸ್ಪ್ರಿಂಗು ಸಡಿಲವಾಗಿ, ತಾಮ್ರ ಕಪ್ಪಾಗಿ ಸಂಪರ್ಕದ ಜಾಗದಲ್ಲಿ 0.05 ಓಮ್ ರೋಧ ಹುಟ್ಟಿಕೊಂಡಿದೆ ಎನ್ನಿ. 20 ಆಂಪಿಯರ್ ಹರಿದರೆ 20 × 20 × 0.05, ಅಂದರೆ 20 ವಾಟ್ ಶಾಖ. ಲ್ಯಾಬಿನ ಸಾಲ್ಡರಿಂಗ್ ಕಡ್ಡಿ 25 ವಾಟ್. ಹೆಚ್ಚುಕಡಿಮೆ ಅದನ್ನೇ ಪೆಟ್ಟಿಗೆಯೊಳಗೆ ಉರಿಯಲು ಬಿಟ್ಟ ಹಾಗೆ. ಬೇಕಲೈಟ್ ಕಂದುಬಣ್ಣಕ್ಕೆ ತಿರುಗಿದ್ದರೆ, ಮೀನಿನಂಥ ವಾಸನೆ ಬಂದರೆ, ಗುಂಯ್ ಎಂಬ ಸದ್ದು ಕೇಳಿದರೆ, ಗೀಸರ್ ಹಾಕಿದಾಗ ದೀಪ ಮಿಣುಕಿದರೆ ಅದೇ ದಿನ ಮನೆಯಲ್ಲಿ ಹೇಳಿ.

ಶಾಕಿನ ವಿಷಯಕ್ಕೆ ಬಂದರೆ ಈ ಫ್ಯೂಸು, ಎಂ.ಸಿ.ಬಿ. ಯಾವುದನ್ನೂ ನಂಬುವ ಹಾಗಿಲ್ಲ. ಮೈಯೊಳಗೆ ಹರಿದು ಕೊಲ್ಲಲು 15 ಆಂಪಿಯರ್ ಬೇಡ. ಅದಕ್ಕೆ 30 ಮಿಲಿಆಂಪಿಯರಿಗೇ ಕಡಿಯುವ ಆರ್.ಸಿ.ಸಿ.ಬಿ. ಬೇರೆಯೇ ಬೇಕು. 15 ಆಂಪಿಯರಿನ 500ನೇ ಒಂದು ಭಾಗ ಅದು.

ನೀವು ಮಾಡಬೇಕಾದದ್ದು

ನಿಮ್ಮ ಮನೆಯ ಪೆಟ್ಟಿಗೆಯ ಬರಹವನ್ನು, ಮುಟ್ಟದೆ, ನೋಟ್‌ಬುಕ್ಕಿನಲ್ಲಿ ಇದ್ದಂತೆ ಬರೆದುಕೊಳ್ಳಿ. ಪೋಲ್, ವೋಲ್ಟ್, ಆಂಪಿಯರ್, ಮಾನಕ, ಇಸವಿ. ಇಲ್ಲದ್ದಕ್ಕೆ ಗೆರೆ ಎಳೆಯಿರಿ, ಊಹಿಸಬೇಡಿ. ಪಕ್ಕದಲ್ಲಿ ಬೆಳಿಗ್ಗೆ ಒಟ್ಟಿಗೆ ಓಡುವ ಉಪಕರಣಗಳ ವಾಟ್ ಕೂಡಿ, 230ರಿಂದ ಭಾಗಿಸಿ. ಉತ್ತರ ಪೆಟ್ಟಿಗೆಯ ಆಂಪಿಯರಿಗಿಂತ ಜಾಸ್ತಿ ಬಂದರೆ ಆ ಪುಟವನ್ನು ಮನೆಯಲ್ಲಿ ತೋರಿಸಿ. ಇಸ್ತ್ರಿ ಮಾಡುವುದನ್ನು ಗೀಸರ್ ಆರಿಸಿದ ಮೇಲಕ್ಕೆ ಹಾಕಿದರೆ ಅವತ್ತಿನಿಂದಲೇ 4 ಆಂಪಿಯರಿಗೂ ಹೆಚ್ಚು ಇಳಿಯುತ್ತದೆ.

ಲೆಕ್ಕದಲ್ಲಿ ಆಸಕ್ತಿ ಇರುವವರಿಗೆ ಒಂದು ಪ್ರಶ್ನೆ. 0.5 ಮಿ.ಮೀ. ತಂತಿ ಒಂದರ ಬದಲು ಒಬ್ಬರು ಅದೇ ತಂತಿ ಎರಡನ್ನು ಒಂದಕ್ಕೊಂದು ತಾಗದಂತೆ ಕಟ್ಟಿದರು. ಇನ್ನೊಬ್ಬರು 1 ಮಿ.ಮೀ. ತಂತಿ ಒಂದನ್ನೇ ಕಟ್ಟಿದರು. ಯಾರದು ಹೆಚ್ಚು ಅಪಾಯ, ಎಷ್ಟು ಪಟ್ಟು? ಪ್ರೀಸ್ ಸೂತ್ರ ಹಾಕಿ, ಹೆಜ್ಜೆ ಬಿಡದೆ ಬರೆದು ನಿಮ್ಮ ವಿಜ್ಞಾನದ ಮೇಷ್ಟ್ರಿಗೋ ಮಿಸ್ಸಿಗೋ ತೋರಿಸಿ.